ಗಾಳಿಯನ್ನು ಕೂಡಿಟ್ಟ ಮೇಷ್ಟರು

ಡೆನ್ಮಾರ್ಕಿನ ದಕ್ಷಿಣ ಯೂಟ್‌ಲೆಂಡ್ ಸೀಮೆಯಲ್ಲಿ ಅಸ್ಕೋವ್ ಎಂಬ ಹಳ್ಳಿಯಿದೆ. 1895ರಿಂದ 1902ರವರೆಗೆ ಆ ಹಳ್ಳಿಯ ಶಾಲೆಗೆ ರಾತ್ರಿಯ ಬೆಳಕು ಗಾಳಿಯಿಂದ ಸಿಕ್ಕಿತು. ಗಾಳಿ ನಿಂತು ಎಲೆಯೂ ಅಲುಗದ ರಾತ್ರಿಗಳಲ್ಲಿಯೂ ದೀಪ ಉರಿಯಿತು. ಶಾಲೆಯ ಪಕ್ಕದ ಗಾಳಿಯಂತ್ರ ಓಡಿದಾಗಲೆಲ್ಲ ಒಂದು ಡೈನಮೋ ತಿರುಗುತ್ತಿತ್ತು. ಅದರ ಕರೆಂಟನ್ನು ನೀರಿನೊಳಗೆ ಹಾಯಿಸಿ, ನೀರನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುತ್ತಿದ್ದರು. ಜಲಜನಕ 12 ಘನ ಮೀಟರಿನ ಒಂದು ತೊಟ್ಟಿಯಲ್ಲಿ ತುಂಬಿಕೊಳ್ಳುತ್ತಿತ್ತು. ಕತ್ತಲಾದ ಮೇಲೆ ಅದನ್ನು ಕೊಳವೆಗಳಲ್ಲಿ ಹರಿಸಿ ದೀಪಗಳಲ್ಲಿ ಉರಿಸುತ್ತಿದ್ದರು.

ಹಸಿರು ಜಲಜನಕ ಎಂದು ಇವತ್ತು ಸರ್ಕಾರಗಳು ನಾಳೆಯ ಸಂಗತಿಯಂತೆ ಮಾತಾಡುವುದು ಇದನ್ನೇ. ಗಾಳಿ ಮತ್ತು ಬಿಸಿಲಿನ ವಿದ್ಯುತ್ತಿನ ಕಥೆ ಹೇಳುವವರು ದಾಸ್ತಾನಿನ ಪ್ರಶ್ನೆಯನ್ನು ಕೊನೆಯ ಅಧ್ಯಾಯಕ್ಕೆ ಇಟ್ಟುಕೊಳ್ಳುತ್ತಾರೆ: ಮೊದಲು ಯಂತ್ರಗಳು ಬಂದವು, ಆಮೇಲೆ ಕರೆಂಟು ಹೆಚ್ಚಾಯಿತು, ಈಗ ಅದನ್ನು ಎಲ್ಲಿಡುವುದು ಎಂಬ ಚಿಂತೆ ಶುರುವಾಗಿದೆ ಎಂದು. ನಡೆದದ್ದು ತಿರುವುಮುರುವು. ಗಾಳಿಯಿಂದ ಕರೆಂಟು ತೆಗೆದ ಮೊದಲ ತಲೆಮಾರಿನವರೆಲ್ಲ ಕೂಡಿಡುವುದನ್ನೇ ಮೊದಲು ಯೋಚಿಸಿದರು. ಮುಂದೆ ಐವತ್ತು ವರ್ಷ ಜಗತ್ತು ಆ ಪ್ರಶ್ನೆಯನ್ನು ಬದಿಗಿಟ್ಟಿತು, ಅಷ್ಟೆ. ಹಾಗೇಕಾಯಿತು ಎಂದು ತಿಳಿಯಲು ಅಸ್ಕೋವಿನ ಮೇಷ್ಟರಾದ ಪೌಲ್ ಲಾ ಕೂರ್ ಅವರ ಕೆಲಸವನ್ನು ನೋಡಬೇಕು.

ಅವರಿಗಿಂತ ಮುಂಚಿನ ಒಂದಿಷ್ಟು ಸಂಗತಿಗಳಿವೆ. ಸೀಸದ ತಗಡುಗಳನ್ನು ಆಸಿಡ್ಡಿನಲ್ಲಿ ಅದ್ದಿ, ಮತ್ತೆ ಮತ್ತೆ ಚಾರ್ಜು ಮಾಡಬಲ್ಲ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ಮಾಡಿದ್ದರು. ಇಪ್ಪತ್ತು ವರ್ಷ ಅದು ಪ್ರಯೋಗಶಾಲೆಯ ವಸ್ತುವಾಗಿಯೇ ಉಳಿಯಿತು. 1881ರಲ್ಲಿ ಕಮೀಯ್ ಫೋರ್ ಎಂಬ ಇನ್ನೊಬ್ಬ ಫ್ರೆಂಚ್ ತಂತ್ರಜ್ಞರು ಸೀಸದ ಆಕ್ಸೈಡನ್ನು ತಗಡಿಗೆ ಮೆತ್ತಿ, ಅದರ ಹಿಡಿತವನ್ನು ಬಹಳ ಹೆಚ್ಚಿಸಿದರು. ಅದೇ ವರ್ಷ ಆ ಬ್ಯಾಟರಿಗಳ ಒಂದು ಪೆಟ್ಟಿಗೆ ಚಾರ್ಜಾದ ಸ್ಥಿತಿಯಲ್ಲೇ ಪ್ಯಾರಿಸ್ಸಿನಿಂದ ಹೊರಟು ಗ್ಲಾಸ್ಗೋ ನಗರದ ವಿಲಿಯಂ ಥಾಮ್ಸನ್ ಅವರ ಕೈ ಸೇರಿತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಇವರೇ. ವಿದ್ಯುತ್ತು ಸಾಮಾನಿನಂತೆ ಪೆಟ್ಟಿಗೆಯಲ್ಲಿ ಊರಿಂದೂರಿಗೆ ಬಂದದ್ದನ್ನು ಪತ್ರಿಕೆಗಳು ದೊಡ್ಡ ಸುದ್ದಿ ಮಾಡಿದವು. ಥಾಮ್ಸನ್ ಅವರ ಯೋಚನೆ ಇನ್ನೂ ದೂರ ಹೋಯಿತು. ಅದೇ 1881ರಲ್ಲಿ ಯಾರ್ಕ್ ನಗರದ ವಿಜ್ಞಾನ ಸಭೆಯಲ್ಲಿ ಅವರು ಪ್ರಕೃತಿಯ ಶಕ್ತಿಮೂಲಗಳ ಬಗ್ಗೆ ಮಾತಾಡಿದರು. ಬ್ರಿಟನ್ನಿನ ಕಲ್ಲಿದ್ದಲು ಒಂದು ದಿನ ತೀರಿಯೇ ತೀರುತ್ತದೆ, ಆಗ ಗಾಳಿಯಂತ್ರಗಳು ಮತ್ತೆ ತಲೆಯೆತ್ತಬಹುದು, ಅವುಗಳ ಚಂಚಲತೆಗೆ ಫೋರ್ ಅವರ ಬ್ಯಾಟರಿಯೇ ಮದ್ದು ಎಂದು ಸೂಚಿಸಿದರು. ಕಲ್ಲಿದ್ದಲ ಹೊಗೆಯಲ್ಲೇ ಬದುಕುತ್ತಿದ್ದ ದೇಶದಲ್ಲಿ ಹೀಗೆ ಹೇಳಲು ದೂರದೃಷ್ಟಿ ಬೇಕಿತ್ತು.

ಆರು ವರ್ಷಗಳ ನಂತರ ಗ್ಲಾಸ್ಗೋ ನಗರದಲ್ಲೇ ಪ್ರೊಫೆಸರ್ ಆಗಿದ್ದ ಜೇಮ್ಸ್ ಬ್ಲೈತ್ ಅದನ್ನು ಮಾಡಿ ತೋರಿಸಿದರು. ಸ್ಕಾಟ್ಲೆಂಡಿನ ಮೇರಿಕರ್ಕ್ ಹಳ್ಳಿಯಲ್ಲಿ ಅವರಿಗೊಂದು ಬೇಸಿಗೆ ಮನೆಯಿತ್ತು. 1887ರ ಜುಲೈಯಲ್ಲಿ ಅದರ ತೋಟದಲ್ಲಿ ಬಟ್ಟೆಯ ಹಾಯಿಗಳ ಒಂದು ಗಾಳಿಯಂತ್ರ ನಿಲ್ಲಿಸಿ, ಫೋರ್ ಬ್ಯಾಟರಿಗಳನ್ನು ಚಾರ್ಜು ಮಾಡಿ, ಮನೆಗೆ ದೀಪ ಹಾಕಿಕೊಂಡರು. ಕರೆಂಟು ಮಿಕ್ಕಿತು. ಊರಿನ ಮುಖ್ಯ ಬೀದಿಗೆ ದೀಪ ಹಾಕಿಕೊಡುತ್ತೇನೆ, ತೆಗೆದುಕೊಳ್ಳಿ ಎಂದು ಹಳ್ಳಿಯವರನ್ನು ಕೇಳಿದರು. ಇದು ಸೈತಾನನ ಕೆಲಸ ಎಂದು ಅವರು ಒಲ್ಲೆವೆಂದರಂತೆ. ಅದರ ಬೆನ್ನಿಗೇ, 1888ರ ಹೊತ್ತಿಗೆ, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಉದ್ಯಮಿ ಚಾರ್ಲ್ಸ್ ಬ್ರಷ್ ತಮ್ಮ ಬಂಗಲೆಯ ಹಿತ್ತಲಲ್ಲಿ 17 ಮೀಟರ್ ಅಗಲದ, 144 ರೆಕ್ಕೆಗಳ ದೈತ್ಯಯಂತ್ರವೊಂದನ್ನು ಕಟ್ಟಿದರು. ಅದರ ಸಾಮರ್ಥ್ಯ 12 ಕಿಲೋವ್ಯಾಟ್. ನೆಲಮಾಳಿಗೆಯಲ್ಲಿ 408 ಬ್ಯಾಟರಿ ಜಾಡಿಗಳು. ಸುಮಾರು ಇಪ್ಪತ್ತು ವರ್ಷ ಅದು ದುಡಿಯಿತು.

ಎರಡೂ ದೊಡ್ಡ ಸಾಧನೆಗಳೇ. ಆದರೆ ಎರಡೂ ಒಬ್ಬೊಬ್ಬರ ಮನೆಗೆ ಬೆಳಕು ಕೊಟ್ಟವು, ಅಲ್ಲಿಗೇ ನಿಂತವು. ಬ್ರಷ್ ಅವರ ಬಂಗಲೆಯಂಥ ಬಂಗಲೆ, ಬ್ರಷ್ ಅವರಿಗಿದ್ದಂಥ ಹಣ ಹಳ್ಳಿಯ ರೈತನಿಗೆ ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ತನ್ನ ಪ್ರಶ್ನೆಯೆಂದು ಎತ್ತಿಕೊಂಡವರು ಲಾ ಕೂರ್. ಅವರು ಅದನ್ನೇಕೆ ಎತ್ತಿಕೊಂಡರು ಎಂದು ತಿಳಿಯಲು ಅವರ ದೇಶದ ಆಗಿನ ಸ್ಥಿತಿಯನ್ನು ನೋಡಬೇಕು.

1864ರ ಯುದ್ಧದಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾಗಳಿಗೆ ಸೋತು ಡೆನ್ಮಾರ್ಕ್ ತನ್ನ ದಕ್ಷಿಣದ ಸೀಮೆಯನ್ನೇ ಕಳೆದುಕೊಂಡಿತ್ತು. ಹೊಸ ಗಡಿ ಅಸ್ಕೋವಿನಿಂದ ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರ ಬಂತು. ರೋಡಿಂಗ್ ಎಂಬ ಊರಿನಲ್ಲಿದ್ದ ಹೆಸರಾಂತ ಜನತಾ ಶಾಲೆ ಗಡಿಯ ಆಚೆಗೆ ಉಳಿದುಬಿಟ್ಟಾಗ ಅಲ್ಲಿನ ಶಿಕ್ಷಕರು ಈಚೆಗೆ ಬಂದು 1865ರಲ್ಲಿ ಅಸ್ಕೋವಿನಲ್ಲಿ ಹೊಸ ಶಾಲೆ ತೆರೆದರು. ಗ್ರುಂಟ್ವಿ ಎಂಬ ಪಾದ್ರಿ ಮತ್ತು ಕವಿಯ ಚಿಂತನೆಯಿಂದ ಹುಟ್ಟಿದ ಈ ಜನತಾ ಶಾಲೆಗಳಲ್ಲಿ ಪರೀಕ್ಷೆಯಿಲ್ಲ, ಅಂಕಪಟ್ಟಿಯಿಲ್ಲ. ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ರೈತರ ಮನೆಯ ತರುಣರು ಬಂದು ತಂಗಿ, ಚರಿತ್ರೆ, ಸಾಹಿತ್ಯ, ವಿಜ್ಞಾನ ಕೇಳಿ, ಹಾಡಿ, ಚರ್ಚಿಸಿ, ಮತ್ತೆ ಹೊಲಕ್ಕೆ ಮರಳುತ್ತಿದ್ದರು. ನಮ್ಮಲ್ಲಿ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆದಾಗ ಕಣ್ಣ ಮುಂದಿದ್ದದ್ದು ಡೆನ್ಮಾರ್ಕಿನ ಈ ಶಾಲೆಗಳೇ. ರೈತನನ್ನು ಹೊಲದಿಂದ ಕೀಳದೆ ಅವನ ತಿಳಿವನ್ನು ಬೆಳೆಸುವ ಆಸೆ ಎರಡು ಕಡೆಯೂ ಒಂದೇ ಆಗಿತ್ತು.

ಅದೇ ಕಾಲದಲ್ಲಿ ಅಲ್ಲಿನ ರೈತರು ಸಹಕಾರ ಸಂಘಗಳನ್ನು ಕಟ್ಟತೊಡಗಿದ್ದರು. 1882ರಲ್ಲಿ ಪಶ್ಚಿಮ ಯೂಟ್‌ಲೆಂಡಿನ ಯೆಡ್ಡಿಂಗ್ ಹಳ್ಳಿಯಲ್ಲಿ ಡೆನ್ಮಾರ್ಕಿನ ಮೊದಲ ಸಹಕಾರಿ ಹಾಲಿನ ಡೇರಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಊರೂರಿಗೂ ಡೇರಿ ಬಂತು. ಒಟ್ಟಿಗೆ ಸೇರಿ ಯಂತ್ರ ಕೊಳ್ಳುವುದು, ಒಟ್ಟಿಗೆ ಸಾಲ ಹೊರುವುದು, ಲಾಭ ಹಂಚಿಕೊಳ್ಳುವುದು ಹಳ್ಳಿಗರಿಗೆ ರೂಢಿಯಾಗಿತ್ತು. ಮುಂದೆ ಗಾಳಿಯ ಕರೆಂಟು ಹಳ್ಳಿಗಳಿಗೆ ಹಬ್ಬಿದ್ದು ಈ ರೂಢಿಯ ಬೆನ್ನೇರಿಯೇ.

ಲಾ ಕೂರ್ ಹುಟ್ಟಿದ್ದು 1846ರಲ್ಲಿ, ಎಬೆಲ್ಟಾಫ್ಟ್ ಪಟ್ಟಣದ ಬಳಿ. ಕಲಿತದ್ದು ಹವಾಮಾನ ವಿಜ್ಞಾನ. ಕೋಪನ್‌ಹೇಗನ್ನಿನ ಹವಾಮಾನ ಸಂಸ್ಥೆಯಲ್ಲಿ ಚಿಕ್ಕ ವಯಸ್ಸಿಗೇ ಉಪನಿರ್ದೇಶಕರಾದರು. ನಡುವೆ ಟೆಲಿಗ್ರಾಫಿನ ಹುಚ್ಚು ಹಿಡಿಯಿತು. ಒಂದೇ ತಂತಿಯಲ್ಲಿ ಹಲವು ಸಂದೇಶ ಕಳಿಸುವ ಉಪಾಯವನ್ನೂ, ಶ್ರುತಿಕವೆಯ ಕಂಪನಕ್ಕೆ ತಕ್ಕಂತೆ ಕರಾರುವಾಕ್ಕಾಗಿ ತಿರುಗುವ ಒಂದು ಚಕ್ರವನ್ನೂ ಕಂಡುಹಿಡಿದರು. ಅಂತರರಾಷ್ಟ್ರೀಯ ಹೆಸರು ಮಾಡಬಹುದಿತ್ತು. 1878ರಲ್ಲಿ ಅದೆಲ್ಲವನ್ನೂ ಬಿಟ್ಟು ಅಸ್ಕೋವಿನ ಹಳ್ಳಿ ಶಾಲೆಗೆ ಗಣಿತ ಮತ್ತು ಭೌತವಿಜ್ಞಾನದ ಮೇಷ್ಟರಾಗಿ ಬಂದರು. ಅವರ ಪಾಠಕ್ರಮ ಬೇರೆಯೇ. ಒಂದು ಸೂತ್ರವನ್ನು ಕೊಟ್ಟು ಉರುಹೊಡೆಸುವ ಬದಲು, ಅದನ್ನು ಮನುಷ್ಯರು ಯಾವ ಕಷ್ಟದಲ್ಲಿ, ಯಾವ ಕಾಲದಲ್ಲಿ ಕಂಡುಕೊಂಡರು ಎಂದು ಕಥೆಯಾಗಿ ಬಿಚ್ಚುತ್ತಿದ್ದರು. ಆ ಪಾಠಗಳಿಂದ ಚಾರಿತ್ರಿಕ ಗಣಿತ, ಚಾರಿತ್ರಿಕ ಭೌತವಿಜ್ಞಾನ ಎಂಬ ಪುಸ್ತಕಗಳೇ ಹುಟ್ಟಿದವು.

1891ರ ಹೊತ್ತಿಗೆ ಓಡೆನ್ಸೆ, ಕೋಯೆಯಂಥ ಪಟ್ಟಣಗಳಲ್ಲಿ ವಿದ್ಯುತ್ ಸ್ಥಾವರಗಳು ಬರತೊಡಗಿದವು. ಎಲ್ಲವೂ ಉಗಿಯಂತ್ರದವು, ಎಲ್ಲಕ್ಕೂ ಹೊರದೇಶದ ಕಲ್ಲಿದ್ದಲು. ಡೆನ್ಮಾರ್ಕಿನ ನೆಲದಲ್ಲಿ ಕಲ್ಲಿದ್ದಲಿಲ್ಲ. ಜೋಗದಂಥ ಜಲಪಾತ ಬೀಳಲು ಬೆಟ್ಟವೂ ಇಲ್ಲ. ವಿದ್ಯುತ್ತು ಪಟ್ಟಣದಲ್ಲೇ ಉಳಿದರೆ ಕಸುಬುಗಳೂ ಕಾರ್ಖಾನೆಗಳೂ ಅಲ್ಲಿಗೇ ಹೋಗುತ್ತವೆ, ತಾನು ಪಾಠ ಹೇಳಿ ಕಳಿಸಿದ ಹುಡುಗರು ಹಳ್ಳಿ ಬಿಟ್ಟು ಅವುಗಳ ಹಿಂದೆ ಹೋಗುತ್ತಾರೆ ಎಂದು ಲಾ ಕೂರ್ ಕಂಡುಕೊಂಡರು. ಡೆನ್ಮಾರ್ಕಿಗೆ ಧಾರಾಳವಾಗಿ ಸಿಕ್ಕಿದ್ದು ಎರಡು ಕಡಲುಗಳ ನಡುವೆ ಬೀಸುವ ಗಾಳಿ. ಹಿಟ್ಟಿನ ಗಾಳಿಗಿರಣಿಗಳು ದೇಶದ ತುಂಬ ಆಗಲೇ ಇದ್ದವು. ಸರ್ಕಾರದಿಂದ ಅನುದಾನ ಪಡೆದು 1891ರ ಬೇಸಿಗೆಯಲ್ಲಿ ಅವರು ಅಸ್ಕೋವಿನಲ್ಲಿ ಪ್ರಯೋಗದ ಗಾಳಿಯಂತ್ರವನ್ನು ಕಟ್ಟಿದರು.

ಗಾಳಿಯ ಸ್ವಭಾವ ಇಲ್ಲಿ ಒಂದು ಮಾತು ಬೇಡುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ; ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಜೋಳ ಬೀಸುವ ಗಿರಣಿಗೆ ಇದು ತೊಡಕಲ್ಲ. ಗಾಳಿ ಬಂದಾಗ ಬೀಸು, ನಿಂತಾಗ ಕಾಯಿ. ಹಿಟ್ಟು ಮಾತ್ರ ಚೀಲದಲ್ಲಿ ಉಳಿಯುತ್ತದೆ. ದೀಪಕ್ಕೆ ಹಾಗಾಗದು. ಗಾಳಿ ಜೋರಾದರೆ ಬಲ್ಬು ಸುಟ್ಟೇಹೋಗುತ್ತದೆ, ಮೆಲ್ಲಗಾದರೆ ಕೆಂಪು ಎಳೆಯಾಗಿ ಮಂಕಾಗುತ್ತದೆ. ಸುಗ್ಗಿಯಲ್ಲಿ ಬಂದ ಕಾಳನ್ನು ಹಗೇವಿನಲ್ಲಿ ತುಂಬಿಟ್ಟು ವರ್ಷವಿಡೀ ಉಣ್ಣುವ ಹಾಗೆ, ಬೀಸಿದ ದಿನದ ಗಾಳಿಯನ್ನು ಬೀಸದ ದಿನಕ್ಕೆ ಉಳಿಸದೆ ಗಾಳಿಯ ಕರೆಂಟು ಎಂಬುದೇ ಇಲ್ಲ.

ಲಾ ಕೂರ್ ಮೊದಲು ಗಾಳಿಯ ಏರಿಳಿತವನ್ನು ಹದಕ್ಕೆ ತಂದರು. ರೆಕ್ಕೆಗಳಿಂದ ಡೈನಮೋಗೆ ಬಲ ಒಯ್ಯುವ ದಾರಿಯಲ್ಲಿ ತೂಕದ ಭಾರದಿಂದ ಕೆಲಸ ಮಾಡುವ ಒಂದು ನಿಯಂತ್ರಕವನ್ನು ಇಟ್ಟರು. ಅದರ ಸರಳಗೊಳಿಸಿದ ರೂಪದಲ್ಲಿ ಬೆಲ್ಟಿನ ಬಿಗಿತವನ್ನು ಭಾರವೇ ನಿಗದಿ ಮಾಡುತ್ತಿತ್ತು. ಗಾಳಿ ಮಿತಿಮೀರಿ ಎಳೆದರೆ ಬೆಲ್ಟು ಜಾರುತ್ತದೆ, ಡೈನಮೋ ತನ್ನ ಓಟವನ್ನು ಬದಲಿಸುವುದಿಲ್ಲ. ಊರ ಕಮ್ಮಾರನೂ ನೋಡಿ ಮಾಡಬಹುದಾದಷ್ಟು ಸರಳ ಸಾಧನ ಅದು. ಅವರ ಎಲ್ಲ ಕೆಲಸದಲ್ಲೂ ಈ ಗುಣ ಕಾಣುತ್ತದೆ.

ಆಮೇಲೆ ಕೂಡಿಡುವ ಕೆಲಸ. ಬ್ಯಾಟರಿ ಆಗ ವಿಪರೀತ ದುಬಾರಿ. ಹಳ್ಳಿಯ ಕೈಗೆ ಎಟುಕುವ ವಸ್ತುವಲ್ಲ ಎಂದು ಲಾ ಕೂರ್ ಅದನ್ನು ಬಿಟ್ಟರು. ನೀರನ್ನು ಕರೆಂಟಿನಿಂದ ಒಡೆಯಬಹುದೆಂದು 1800ರಿಂದಲೇ ಗೊತ್ತಿತ್ತು. ಇಟಲಿಯ ಪೊಂಪೆಯೊ ಗರೂತಿ ಅದನ್ನು ದೊಡ್ಡ ಪ್ರಮಾಣದಲ್ಲಿ, ಕಡಿಮೆ ಖರ್ಚಿನಲ್ಲಿ ಮಾಡುವ ಸಾಧನವನ್ನು ರೂಪಿಸಿದ್ದರು. ಲಾ ಕೂರ್ ಅದನ್ನು ತಮ್ಮ ಗಾಳಿಯಂತ್ರಕ್ಕೆ ಜೋಡಿಸಿದರು. ಡೈನಮೋದ ಕರೆಂಟು ಹೆಚ್ಚುಕಡಿಮೆಯಾದರೂ ನೀರಿಗೆ ಅದರ ಪರಿವೆಯಿಲ್ಲ. ಬಂದಷ್ಟು ಕರೆಂಟಿಗೆ ತಕ್ಕಷ್ಟು ಅನಿಲ. ಗಾಳಿಗೂ ನೀರಿಗೂ ಹೀಗೆ ಹೊಂದಿಕೆಯಾಯಿತು. ತೊಟ್ಟಿ ತುಂಬಿದಾಗ ಅದರಲ್ಲಿ ಎಷ್ಟು ಶಕ್ತಿ ಇರುತ್ತಿತ್ತು ಎಂದು ಇವತ್ತಿನ ಲೆಕ್ಕದಲ್ಲಿ ನೋಡಬಹುದು. ಒತ್ತಡ ಹಾಕದ ಒಂದು ಘನ ಮೀಟರ್ ಜಲಜನಕ ಉರಿದರೆ ಸುಮಾರು 3 ಯೂನಿಟ್ ಶಾಖ. 12 ಘನ ಮೀಟರಿಗೆ 36 ಯೂನಿಟ್. ಚಿಕ್ಕ ಮೊತ್ತವೇ. ಆದರೂ ಆ ಏಳು ವರ್ಷಗಳಲ್ಲಿ ಶಾಲೆ ಗಾಳಿಯಿಲ್ಲವೆಂದು ಕತ್ತಲಲ್ಲಿ ಕೂತ ದಿನವಿಲ್ಲ ಎಂದು ದಾಖಲೆಗಳು ಹೇಳುತ್ತವೆ.

ಅಪಾಯವೂ ಇತ್ತು. ಜಲಜನಕದೊಳಗೆ ಒಂದಿಷ್ಟು ಆಮ್ಲಜನಕ ಬೆರೆತರೆ ಅದು ಸಿಡಿಮದ್ದೇ. ಹಾಗೆ ಸಿಡಿದು ಅಕ್ಕಪಕ್ಕದ ಕಟ್ಟಡಗಳ ಕಿಟಕಿ ಗಾಜುಗಳು ಒಡೆದು, ಲಾ ಕೂರ್ ಅವನ್ನು ಹಾಕಿಸಿಕೊಡಬೇಕಾಗಿ ಬಂತು. ಅದಕ್ಕಿಂತ ದೊಡ್ಡ ಕೊರತೆ ಬೇರೆ. ಜಲಜನಕ ಬೆಳಕು ಕೊಟ್ಟಿತು, ಅಷ್ಟಕ್ಕೇ ನಿಂತಿತು. ರೈತನಿಗೆ ಕಾಳು ಬಡಿಯಲು, ನೀರೆತ್ತಲು ಮೋಟಾರು ಓಡಬೇಕು; ಬಡಗಿಗೆ ಗರಗಸ ತಿರುಗಬೇಕು. ಅದಕ್ಕೆ ಕರೆಂಟನ್ನು ಕರೆಂಟಾಗಿಯೇ ಇಟ್ಟು ಮರಳಿ ಪಡೆಯಬೇಕು. 1890ರ ದಶಕ ಮುಗಿಯುವಷ್ಟರಲ್ಲಿ ಬ್ಯಾಟರಿಗಳು ಸುಧಾರಿಸಿದವು, ಬೆಲೆಯೂ ಇಳಿಯಿತು. ಇಷ್ಟು ವರ್ಷ ಶ್ರಮಪಟ್ಟು ಕಟ್ಟಿದ ಜಲಜನಕದ ವ್ಯವಸ್ಥೆಯನ್ನು ಲಾ ಕೂರ್ 1902ರಲ್ಲಿ ಬಿಟ್ಟುಕೊಟ್ಟು ಬ್ಯಾಟರಿಗೆ ಬದಲಾದರು. ತನ್ನ ಉಪಾಯಕ್ಕೆ ಅಂಟಿಕೊಳ್ಳದೆ ಹಳ್ಳಿಯ ಅಗತ್ಯಕ್ಕೆ ಅಂಟಿಕೊಂಡ ಈ ನಡೆಯಲ್ಲಿ ನನಗೆ ಅವರ ದೊಡ್ಡತನ ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಬ್ಯಾಟರಿಗೆ ಒಂದು ಹೊಸ ತೊಡಕಿತ್ತು. ಗಾಳಿ ಬಿದ್ದಾಗ ಡೈನಮೋದ ವೋಲ್ಟೇಜು ಬ್ಯಾಟರಿಯದಕ್ಕಿಂತ ಕೆಳಗಿಳಿಯುತ್ತದೆ; ಆಗ ಕೂಡಿಟ್ಟ ಕರೆಂಟು ಹಿಂದಕ್ಕೆ ಹರಿದು ಡೈನಮೋವನ್ನೇ ಮೋಟಾರಿನಂತೆ ತಿರುಗಿಸುತ್ತದೆ. ರಾತ್ರಿಯೆಲ್ಲ ಒಬ್ಬರು ಕಾವಲು ಕೂರಬೇಕು. ಇದಕ್ಕಾಗಿ ಅವರು ತಾನಾಗಿ ಕೂಡಿಕೊಳ್ಳುವ, ತಾನಾಗಿ ಬಿಟ್ಟುಕೊಳ್ಳುವ ಒಂದು ಸ್ವಿಚ್ಚನ್ನು ಮಾಡಿದರು. ಕಾವಲು ತಪ್ಪಿತು. ಗಾಳಿ ಬಹಳ ದಿನ ಕೈಕೊಟ್ಟರೆ ಇರಲಿ ಎಂದು ಜೊತೆಗೊಂದು ಎಣ್ಣೆಯ ಎಂಜಿನ್ನು. ಗಾಳಿಯಂತ್ರ, ಬ್ಯಾಟರಿ, ಆಪತ್ತಿಗೊಂದು ಎಂಜಿನ್ನು: ಇಂದು ದ್ವೀಪಗಳಲ್ಲೂ ದೂರದ ಹಳ್ಳಿಗಳಲ್ಲೂ ಕಟ್ಟುವ ಸಣ್ಣ ಗ್ರಿಡ್ಡಿನ ಪೂರ್ತಿ ನಕ್ಷೆ ಅಸ್ಕೋವಿನಲ್ಲಿ ಆಗಲೇ ಸಿದ್ಧವಾಗಿತ್ತು. ಶಾಲೆಯ ಜೊತೆಗೆ ಊರಿನ ಮನೆಗಳಿಗೂ ಕರೆಂಟು ಹೋಯಿತು.

ಅದೇ 1902ರ ಜೂನ್ ತಿಂಗಳಲ್ಲಿ ನಮ್ಮ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಕಾವೇರಿಯ ಬಲ ದಾರಿಯಲ್ಲಿನ ಹಳ್ಳಿಗಳ ಮೇಲೆ ತಂತಿಯಾಗಿ ಹಾದು ಗಣಿ ಸೇರಿತು. ಅದು ಆ ಕಾಲದ ಏಷ್ಯಾದ ದೊಡ್ಡ ಸಾಧನೆ, ಅದರ ಹೆಮ್ಮೆ ನಮಗಿರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ವಿದ್ಯುತ್ತಿಗೆ ಎರಡು ದಾರಿಗಳು ಒಂದೇ ವರ್ಷ ತೆರೆದದ್ದು ಕಾಣುತ್ತದೆ. ಒಂದು, ದೊಡ್ಡ ಮೂಲದಿಂದ ದೊಡ್ಡ ಗಿರಾಕಿಗೆ. ಇನ್ನೊಂದು, ಊರಿನ ಗಾಳಿಯಿಂದ ಊರಿಗೇ. ಜಗತ್ತು ಮೊದಲನೆಯ ದಾರಿ ಹಿಡಿಯಿತು.

ಡೆನ್ಮಾರ್ಕ್ ಮಾತ್ರ ಒಂದಿಷ್ಟು ಕಾಲ ಎರಡನೆಯದರಲ್ಲಿ ನಡೆದು ನೋಡಿತು. ಲಾ ಕೂರ್ 1896ರಿಂದ ಗಾಳಿಸುರಂಗದಲ್ಲಿ ರೆಕ್ಕೆಗಳ ಮಾದರಿಗಳನ್ನಿಟ್ಟು ಅಳೆಯತೊಡಗಿದ್ದರು. ರೆಕ್ಕೆಗಳು ಹೆಚ್ಚಿದ್ದಷ್ಟೂ ಬಲ ಹೆಚ್ಚು ಎಂಬುದು ಎಲ್ಲರ ನಂಬಿಕೆ. ಕೆಲವೇ ರೆಕ್ಕೆಗಳಿದ್ದು ವೇಗವಾಗಿ ತಿರುಗುವ ಯಂತ್ರವೇ ಮೇಲು ಎಂದು ಅವರು ತೋರಿಸಿದರು. ರೆಕ್ಕೆಯ ಹಿಂಬದಿಯಲ್ಲಿ ಉಂಟಾಗುವ ಸೆಳೆತವನ್ನೂ ಗುರುತಿಸಿದರು. ವಿಮಾನ ಇನ್ನೂ ಹಾರಿರಲಿಲ್ಲ. 1897ರಲ್ಲಿ ಇನ್ನೂ ದೊಡ್ಡ ಗಾಳಿಯಂತ್ರ ಬಂತು. 1903ರಲ್ಲಿ ಡೆನ್ಮಾರ್ಕಿನ ಗಾಳಿವಿದ್ಯುತ್ ಸಂಘ ಹುಟ್ಟಿತು. ಹಳ್ಳಿಗಳು ಕೇಳಿದರೆ ನಕ್ಷೆ, ಅಂದಾಜು, ಸಲಹೆ ಕೊಡುವುದು ಅದರ ಕೆಲಸ.

ನನ್ನ ಮಟ್ಟಿಗೆ 1904ರಲ್ಲಿ ಶುರುವಾದ ತರಗತಿ ಇದೆಲ್ಲಕ್ಕಿಂತ ಮುಖ್ಯ. ಹಳ್ಳಿಯ ತರುಣರಿಗೆ ತಿಂಗಳುಗಟ್ಟಲೆ ಕಲಿಸಿ ಗ್ರಾಮ ವಿದ್ಯುತ್ ಕೆಲಸಗಾರರನ್ನಾಗಿ ಮಾಡುವ ಶಿಕ್ಷಣವದು. ಡೈನಮೋ ಬಿಚ್ಚಿ ಜೋಡಿಸುವುದು, ಬ್ಯಾಟರಿಗೆ ಆಸಿಡ್ಡಿನ ಹದ ನೋಡುವುದು, ತಂತಿ ಎಳೆಯುವುದು, ಅದರ ಹಿಂದಿನ ಭೌತವಿಜ್ಞಾನ. ಕೂಡಿಡುವ ಯಂತ್ರವನ್ನು ಹಳ್ಳಿಗೆ ಕೊಟ್ಟು ಹೋದರೆ ಸಾಲದು. ಅದು ಕೆಟ್ಟಾಗ ರಿಪೇರಿ ಮಾಡಬಲ್ಲವರು ಆ ಹಳ್ಳಿಯಲ್ಲೇ ಇರಬೇಕು. ಎಷ್ಟೋ ಒಳ್ಳೆಯ ಯೋಜನೆಗಳು ಈ ಒಂದು ಕೊರತೆಯಿಂದ ತುಕ್ಕು ಹಿಡಿದಿವೆ. ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಯೋಹಾನೆಸ್ ಯೂಲ್ ಎಂಬ ಹದಿಹರೆಯದ ಹುಡುಗನಿದ್ದ. ಅವನ ಮಾತು ಮುಂದೆ ಬರುತ್ತದೆ.

ಲಾ ಕೂರ್ 1908ರ ಏಪ್ರಿಲಿನಲ್ಲಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. 1914ರ ಮಹಾಯುದ್ಧ ಬಂದು ಕಡಲಿನಲ್ಲಿ ಸಬ್‌ಮರೀನುಗಳು ಹಡಗುಗಳನ್ನು ಮುಳುಗಿಸತೊಡಗಿದಾಗ ಕಲ್ಲಿದ್ದಲು, ಎಣ್ಣೆಗಳ ಆಮದು ಕುಸಿಯಿತು. ಗಾಳಿಯಂತ್ರಗಳಿಗೆ ಬೇಡಿಕೆ ಏರಿತು. 1918ರಲ್ಲಿ ಸುಮಾರು 120 ಹಳ್ಳಿ ಸ್ಥಾವರಗಳಲ್ಲಿ ಗಾಳಿಯಂತ್ರಗಳಿದ್ದವು. ಒಂದೊಂದೂ 20ರಿಂದ 35 ಕಿಲೋವ್ಯಾಟ್. ದೇಶದ ವಿದ್ಯುತ್ತಿನ ಶೇಕಡ 3ರಷ್ಟು ಅವುಗಳಿಂದ ಬರುತ್ತಿತ್ತು. ಈ ಸ್ಥಾವರಗಳಲ್ಲಿ ನೇರ ವಿದ್ಯುತ್ತೇ ಹರಿಯುತ್ತಿತ್ತು, ಯಾಕೆಂದರೆ ಬ್ಯಾಟರಿಗೆ ಹೊಂದುವುದು ಅದೇ.

ಅಲ್ಲೇ ಅವುಗಳ ಕೊನೆಯೂ ಇತ್ತು. ನೇರ ವಿದ್ಯುತ್ತನ್ನು ಆಗ ಬಹಳ ದೂರ ಒಯ್ಯಲು ಬರುತ್ತಿರಲಿಲ್ಲ. ಪರ್ಯಾಯ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿನಲ್ಲಿ ಏರಿಸಿ ಊರುಗಳನ್ನು ದಾಟಿಸಬಹುದು. 1915ರಲ್ಲೇ ಓರೆಸುಂಡ್ ಜಲಸಂಧಿಯ ಅಡಿಯಲ್ಲಿ ಕೇಬಲ್ ಹಾಕಿ ಸ್ವೀಡನ್ನಿನ ಜಲವಿದ್ಯುತ್ತನ್ನು ಡೆನ್ಮಾರ್ಕಿಗೆ ತಂದಿದ್ದರು. ಯುದ್ಧ ಮುಗಿದು ಎಣ್ಣೆ ಅಗ್ಗವಾಯಿತು, ಡೀಸೆಲ್ ಎಂಜಿನ್ನು ಹಳ್ಳಿಗೆ ಬಂತು, ದೊಡ್ಡ ಸ್ಥಾವರಗಳ ತಂತಿ ಹೊಲಗಳನ್ನು ದಾಟಿತು. ಒಂದೊಂದಾಗಿ ಹಳ್ಳಿ ಸ್ಥಾವರಗಳು ಬ್ಯಾಟರಿಗಳನ್ನು ಮಾರಿ ತಂತಿಗೆ ಜೋಡಿಕೊಂಡವು.

ಕೂಡಿಡುವ ಪ್ರಶ್ನೆ ಮರೆತುಹೋದದ್ದು ಹೀಗೆ. ಅದನ್ನು ಯಾರೂ ಬಿಡಿಸಲಿಲ್ಲ. ಸ್ಥಾವರದ ಆವರಣದಲ್ಲಿ ಬಿದ್ದ ಕಲ್ಲಿದ್ದಲ ರಾಶಿ, ಟ್ಯಾಂಕಿನ ಎಣ್ಣೆ, ಇವೇ ದಾಸ್ತಾನುಗಳಾದವು. ಬೇಡಿಕೆ ಏರಿದರೆ ಇನ್ನಷ್ಟು ಉರಿಸಿದರಾಯಿತು. ಕೋಟ್ಯಂತರ ವರ್ಷಗಳ ಹಿಂದಿನ ಬಿಸಿಲನ್ನು ಭೂಮಿ ಕೂಡಿಟ್ಟದ್ದನ್ನು ಖರ್ಚು ಮಾಡುತ್ತಿದ್ದವರಿಗೆ ಇವತ್ತಿನ ಗಾಳಿಯನ್ನು ನಾಳೆಗೆ ಉಳಿಸುವ ಅಗತ್ಯ ತೋರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಎಣ್ಣೆ ನಿಂತಿತು, ಮತ್ತೆ ಗಾಳಿಯಂತ್ರಗಳು ಎದ್ದವು, ಶಾಂತಿ ಬಂದೊಡನೆ ಮತ್ತೆ ಮೂಲೆಗೆ ಸರಿದವು. ಆಗ ವಿದ್ಯುತ್ ಕಂಪನಿಯಲ್ಲಿ ನೌಕರಿಯಲ್ಲಿದ್ದ, ಅರವತ್ತನ್ನು ಸಮೀಪಿಸಿದ್ದ ಯೂಲ್ ಅವರು ತಮ್ಮ ಮೇಷ್ಟರ ಕೆಲಸವನ್ನು ಎತ್ತಿಕೊಂಡರು. 1957ರಲ್ಲಿ ದೇಶದ ದಕ್ಷಿಣ ತುದಿಯ ಗೆಸರ್ ಊರಿನಲ್ಲಿ 200 ಕಿಲೋವ್ಯಾಟಿನ, ಮೂರು ರೆಕ್ಕೆಗಳ, 24 ಮೀಟರ್ ಅಗಲದ ಗಾಳಿಯಂತ್ರ ಕಟ್ಟಿದರು. ಇಂದು ಗದಗಿನ ಕಪ್ಪತಗುಡ್ಡದ ಸೀಮೆಯಲ್ಲೋ ಚಿತ್ರದುರ್ಗದ ಗುಡ್ಡಗಳಲ್ಲೋ ನಾವು ಕಾಣುವ ಮೂರು ರೆಕ್ಕೆಯ ಯಂತ್ರಗಳ ಪೂರ್ವಿಕರಲ್ಲಿ ಅದು ಮುಖ್ಯವಾದದ್ದು. ಯೂಲ್ ಒಂದು ಕಡೆ ಮಾತ್ರ ಮೇಷ್ಟರಿಂದ ಬೇರೆಯಾದರು. ಅವರ ಯಂತ್ರಕ್ಕೆ ಬ್ಯಾಟರಿಯಿಲ್ಲ, ತೊಟ್ಟಿಯಿಲ್ಲ. ಅದು ಪರ್ಯಾಯ ವಿದ್ಯುತ್ತನ್ನು ನೇರವಾಗಿ ಗ್ರಿಡ್ಡಿಗೆ ಸುರಿಯುತ್ತಿತ್ತು. ಗ್ರಿಡ್ಡಿನ ಉಳಿದ ಸ್ಥಾವರಗಳು ಅಷ್ಟಷ್ಟು ಕಲ್ಲಿದ್ದಲು ಕಡಿಮೆ ಉರಿಸಿದರೆ ಅದೇ ಉಳಿತಾಯ. ಬಲು ಜಾಣ ಉಪಾಯ. ಗಾಳಿಯ ಪಾಲು ನೂರರಲ್ಲಿ ಒಂದೋ ಎರಡೋ ಇರುವಾಗ ಅದೇ ಸರಿಯಾದ ಉಪಾಯವೂ ಹೌದು. ಆ ಯಂತ್ರ ಹತ್ತು ವರ್ಷ ದುಡಿದು 1967ರಲ್ಲಿ ನಿಂತಿತು.

1973ರಲ್ಲಿ ತೈಲದ ಬಿಕ್ಕಟ್ಟು ಎದ್ದಾಗ ಡೆನ್ಮಾರ್ಕಿನ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಹೊರಗಿನ ಎಣ್ಣೆಯದಾಗಿತ್ತು. ಅಣುಸ್ಥಾವರ ಬೇಕೋ ಗಾಳಿ ಬೇಕೋ ಎಂಬ ದೀರ್ಘ ಜಗಳ ನಡೆಯಿತು. ಬಡಗಿಗಳು, ಕಮ್ಮಾರರು, ಶಾಲೆಯ ಮೇಷ್ಟರು, ವಿದ್ಯಾರ್ಥಿಗಳು ತಮ್ಮ ತಮ್ಮ ಗಾಳಿಯಂತ್ರ ಕಟ್ಟಿ ನಿಲ್ಲಿಸಿದರು. 1985ರಲ್ಲಿ ಸಂಸತ್ತು ಅಣುವಿದ್ಯುತ್ತನ್ನು ಯೋಜನೆಯಿಂದಲೇ ತೆಗೆದುಹಾಕಿತು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಈಗ ಆ ದೇಶದ ವಿದ್ಯುತ್ತಿನ ಅರ್ಧದಷ್ಟು ಗಾಳಿಯಿಂದಲೇ ಬರುತ್ತದೆ. ಬಿರುಗಾಳಿಯ ದಿನಗಳಲ್ಲಿ ದೇಶಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಕರೆಂಟು ಹುಟ್ಟುತ್ತದೆ. ಲಾ ಕೂರ್ ಎದುರಿಸಿದ ಪ್ರಶ್ನೆ ಒಂದು ಶಾಲೆಯ ಅಳತೆಯಿಂದ ದೇಶದ ಅಳತೆಗೆ ಬೆಳೆದು ನಿಂತಿತು.

ಡೆನ್ಮಾರ್ಕ್ ಅದನ್ನು ಮುಖ್ಯವಾಗಿ ನೆರೆಯವರ ನೀರಿನಿಂದ ಬಗೆಹರಿಸಿಕೊಂಡಿದೆ. ಸ್ಕಾಗೆರಾಕ್ ಸಮುದ್ರದಡಿಯಲ್ಲಿ ನಾರ್ವೆಗೆ 1976, 77ರಲ್ಲಿ ಎರಡು ಕೇಬಲ್ ಹಾಕಿದರು. 1993ರಲ್ಲಿ ಮೂರನೆಯದು, 2014ರ ಕೊನೆಗೆ ನಾಲ್ಕನೆಯದು. ನಾಲ್ಕೂ ಸೇರಿ ಸುಮಾರು 1,700 ಮೆಗಾವ್ಯಾಟ್ ಆಚೀಚೆ ಹರಿಯಬಲ್ಲದು. ಯೂಟ್‌ಲೆಂಡಿನಲ್ಲಿ ಗಾಳಿ ಜೋರಾದಾಗ ಅಗ್ಗದ ಕರೆಂಟು ಉತ್ತರಕ್ಕೆ ಹೋಗುತ್ತದೆ. ಅಷ್ಟು ಹೊತ್ತು ನಾರ್ವೆಯವರು ತಮ್ಮ ಜಲಾಶಯದ ಬಾಗಿಲು ಇಳಿಸಿ ನೀರನ್ನು ಉಳಿಸುತ್ತಾರೆ. ಗಾಳಿ ಬಿದ್ದ ದಿನ ಆ ಉಳಿದ ನೀರು ಟರ್ಬೈನು ತಿರುಗಿಸಿ ದಕ್ಷಿಣಕ್ಕೆ ಕರೆಂಟು ಕಳಿಸುತ್ತದೆ. ಒಂದು ಹನಿ ನೀರನ್ನೂ ಮೇಲಕ್ಕೆ ಎತ್ತದೆ, ಕೆಳಗೆ ಬಿಡುವುದನ್ನು ತಡೆಹಿಡಿದೇ ಆಗುವ ದಾಸ್ತಾನು ಇದು. ನಾರ್ವೆಯ ಅತಿ ದೊಡ್ಡ ಜಲಾಶಯವಾದ ಬ್ಲೋಶೋ ಒಂದರಲ್ಲೇ ಸುಮಾರು 780 ಕೋಟಿ ಯೂನಿಟ್ ವಿದ್ಯುತ್ತಿನಷ್ಟು ನೀರು ನಿಲ್ಲುತ್ತದೆ. ಅಸ್ಕೋವಿನ ತೊಟ್ಟಿಯದು 36 ಯೂನಿಟ್.

ಜಲಜನಕವೂ ಮರಳಿದೆ. ಅಸ್ಕೋವಿನಿಂದ ದಕ್ಷಿಣಕ್ಕೆ, ಓಬೆನ್ರೋ ಪಟ್ಟಣದ ಬಳಿಯ ಕಾಸ್ಸೋ ಎಂಬಲ್ಲಿ, ದೊಡ್ಡ ಸೌರ ಪಾರ್ಕಿನ ಪಕ್ಕದಲ್ಲಿ 2025ರಲ್ಲಿ ಒಂದು ಕಾರ್ಖಾನೆ ಶುರುವಾಯಿತು. ಅದು ಕರೆಂಟಿನಿಂದ ನೀರು ಒಡೆದು, ಜಲಜನಕಕ್ಕೆ ಜೈವಿಕ ಮೂಲದ ಇಂಗಾಲದ ಡೈಆಕ್ಸೈಡ್ ಬೆರೆಸಿ, ಹಡಗುಗಳಿಗೆ ಇಂಧನವಾಗುವ ಮೆಥನಾಲ್ ಮಾಡುತ್ತದೆ. ಲಾ ಕೂರ್ ಬದುಕಿದ್ದಾಗ ಆ ಊರು ಗಡಿಯಾಚೆ ಜರ್ಮನಿಯಲ್ಲಿತ್ತು; 1920ರಲ್ಲಿ ಡೆನ್ಮಾರ್ಕಿಗೆ ಮರಳಿತು. ಜಲಜನಕದ ಹಳೆಯ ಕೊರತೆ ಮಾತ್ರ ಹಾಗೆಯೇ ಇದೆ. ಅದನ್ನು ಮತ್ತೆ ಕರೆಂಟು ಮಾಡಹೊರಟರೆ ಹಾಕಿದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ. ಅದನ್ನು ಇಂಧನವಾಗಿಯೇ ಬಳಸುವ ಕಡೆ ಬಳಸಬೇಕು ಎಂದು ಕಾಸ್ಸೋದವರು ಕಂಡುಕೊಂಡದ್ದನ್ನು ಅಸ್ಕೋವಿನ ಶಾಲೆ ದೀಪ ಉರಿಸುತ್ತ ತಿಳಿದಿತ್ತು.

ಲಾ ಕೂರ್ ಅವರ ಇನ್ನೊಂದು ಆಸೆ, ಊರಿನ ಕರೆಂಟು ಊರಿನದೇ ಆಗಿರಬೇಕೆಂಬುದು, ಸಾಮ್ಸೋ ದ್ವೀಪದಲ್ಲಿ ಬಹುಮಟ್ಟಿಗೆ ನಿಜವಾಗಿದೆ. ನಾಲ್ಕು ಸಾವಿರದಷ್ಟು ಜನರಿರುವ ಆ ರೈತರ ದ್ವೀಪವನ್ನು 1997ರಲ್ಲಿ ಸರ್ಕಾರ ನವೀಕರಿಸಬಹುದಾದ ಶಕ್ತಿಯ ಮಾದರಿಯಾಗಿ ಆರಿಸಿತು. ಮೊದಲು ನೆಲದ ಮೇಲೆ 11 ಗಾಳಿಯಂತ್ರಗಳು, 2003ರ ಹೊತ್ತಿಗೆ ಕಡಲಲ್ಲಿ ಇನ್ನು 10. ಕೆಲವು ರೈತರವು, ಕೆಲವು ಪಾಲು ಹಾಕಿಕೊಂಡ ಊರವರವು, ಕೆಲವು ಪುರಸಭೆಯವು. ವರ್ಷದ ಲೆಕ್ಕದಲ್ಲಿ ದ್ವೀಪ ತಾನು ಬಳಸುವುದಕ್ಕಿಂತ ಹೆಚ್ಚು ಕರೆಂಟು ಮಾಡುತ್ತದೆ. ಹೆಚ್ಚಾದದ್ದು ಸಮುದ್ರದಡಿಯ ಕೇಬಲ್ಲಿನಲ್ಲಿ ಯೂಟ್‌ಲೆಂಡಿಗೆ ಹೋಗುತ್ತದೆ, ಗಾಳಿಯಿಲ್ಲದ ದಿನ ಅದೇ ಕೇಬಲ್ಲಿನಲ್ಲಿ ಬೇರೆಯವರ ಕರೆಂಟು ಬರುತ್ತದೆ. ಗಾಳಿ ದ್ವೀಪದ ಜನರದಾಯಿತು, ಯಂತ್ರವೂ ಅವರದಾಯಿತು. ದಾಸ್ತಾನು ಈಗಲೂ ಕಡಲಿನಾಚೆಯೇ ಇದೆ. ಅಲ್ಲಿನ ಬಾಲೆನ್ ಬಂದರಿನಲ್ಲಿ, ಬಿಸಿಲಿನ ಕರೆಂಟನ್ನು ಸಂಜೆ ಬಂದು ತಂಗುವ ದೋಣಿಗಳಿಗಾಗಿ ಉಳಿಸಿಡಲು, ಒಂದು ಬ್ಯಾಟರಿ ಇಟ್ಟು ಕೆಲಸ ಶುರುಮಾಡಿದ್ದಾರೆ.